ಎದೆ ಭಾರ ಅಂತ ಡಾಕ್ಟರ ಹತ್ತಿರ ಹೋಗೋ ಮುಂಚೆ

ಇಂಗ್ಲೆಂಡಿಗೆ ಎಂಎಸ್‌ಸಿ ಓದೋಕೆ ಬಂದು ಮೊದಲ ಟರ್ಮ್ ಕೂಡ ಮುಗಿದಿಲ್ಲ, ನಿದ್ದೆ ಬರ್ತಿಲ್ಲ, ಎದೆ ಭಾರ, ಡಾಕ್ಟರ ಹತ್ತಿರ ಹೋದರೆ ‘ಮಾನಸಿಕ’ ಅಂತ ಬರೆದುಬಿಟ್ಟು ವೀಸಾಗೆ ಕುತ್ತು ಬರುತ್ತಾ, ಮನೆಯವರಿಗೆ ಗೊತ್ತಾಗುತ್ತಾ ಅಂತ ಕೇಳಿದ್ದೀರಿ. ಇಲ್ಲಿಯವರಿಗೆ ಮನುಷ್ಯರೇ ಬೇಡವಾ ಅಂತಾನೂ ಕೇಳಿದ್ದೀರಿ.

ವೀಸಾ ವಿಷಯ ಮೊದಲು ಮುಗಿಸ್ತೀನಿ. ಖಿನ್ನತೆಗೆ ಚಿಕಿತ್ಸೆ ತಗೊಂಡ್ರು ಅಂತ ವಿದ್ಯಾರ್ಥಿ ವೀಸಾ ರದ್ದಾಗಲ್ಲ. ಕ್ಲಾಸಿಗೆ ಹೋಗೋದೇ ಬಿಟ್ಟರೆ ಕಷ್ಟ, ಹಾಜರಿ ಮೇಲೆ ವಿಶ್ವವಿದ್ಯಾಲಯದ ಕಣ್ಣಿರುತ್ತೆ. ಜೀವಕ್ಕೇ ಅಪಾಯ ಅನ್ನಿಸಿದರೆ ಬೇರೆ ಮಾತು, ಇಲ್ಲದಿದ್ದರೆ ಡಾಕ್ಟರು ಮನೆಯವರ ಹತ್ತಿರ ಬಾಯಿ ಬಿಡೋ ಹಾಗಿಲ್ಲ. ವೀಸಾ ಜೊತೆಗೇ ಆರೋಗ್ಯ ಸರ್‌ಚಾರ್ಜ್ ಕಟ್ಟಿ ಬಂದಿದ್ದೀರಿ, ಡಾಕ್ಟರಿಗೆ ದುಡ್ಡು ಕೊಡಬೇಕಿಲ್ಲ.

ನಾನು ಬಂದ ಹೊಸದರಲ್ಲಿ ನಿಮ್ಮ ಹಾಗೇ ಎದೆ ಭಾರ ಅಂತಲೇ ಹೋಗಿದ್ದೆ. ಇಸಿಜಿ ಸರಿಯಾಗಿಯೇ ಇತ್ತು. ಡಾಕ್ಟರಮ್ಮ ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಮುಂದಿಟ್ಟರು. ಖಿನ್ನತೆ ಎಷ್ಟಿದೆ ಅಂತ ಅಳೆಯೋ ಈ ಹಾಳೆಗೆ ಪಿಎಚ್‌ಕ್ಯೂ-9 ಅಂತಾರೆ, ನಿಮಗೂ ಬಹುಶಃ ಅದೇ ಸಿಗುತ್ತೆ. ಕಳೆದ ಎರಡು ವಾರ ಹೇಗಿತ್ತು ಅಂತ ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ ಹಾಕಬೇಕು. ನಿದ್ದೆ, ಸುಸ್ತು, ಹಸಿವು, ಇವಕ್ಕೆಲ್ಲ ಪಟಪಟ ಗುರುತು ಹಾಕಿದೆ. ಆರನೆಯದರ ಹತ್ತಿರ ಪೆನ್ನು ನಿಂತಿತು. ನಾನು ಸೋತೆ, ನನಗೋ ಮನೆಯವರಿಗೋ ನಿರಾಸೆ ಮಾಡಿದೆ ಅನ್ನಿಸುತ್ತಾ ಅಂತ ಅದು ಕೇಳುತ್ತೆ. ಮನೆಮಂದಿಯೆಲ್ಲ ಆಸೆ ಇಟ್ಟು ಕಳಿಸಿದ ಹುಡುಗನಿಗೆ ಅದು ಆಪಾದನೆ ಥರ ಕೇಳಿಸಿತು. ಇದೊಂದು ಬಿಟ್ಟು ಮುಂದೆ ಹೋಗಬಹುದಾ ಅಂದೆ. “ಅದರಿಂದಲೇ ಶುರು ಮಾಡೋಣ” ಅಂದರು ಆಕೆ.

ನಾವು ಬೆಳೆದ ರೀತಿ ನಿಮಗೆ ಗೊತ್ತೇ ಇದೆ. ದುಃಖ ಹೇಳಿಕೊಂಡರೆ ಇನ್ನೊಬ್ಬರಿಗೆ ಭಾರ, ಮೈ ನೋವು ಹೇಳಿಕೊಳ್ಳೋಕೆ ಆ ಸಂಕೋಚ ಇಲ್ಲ. ಇದು ನಮ್ಮೊಬ್ಬರದೇ ಅಲ್ಲ. ಆರ್ಥರ್ ಕ್ಲೈನ್‌ಮನ್ ಅನ್ನೋ ಅಮೆರಿಕದ ಮನೋವೈದ್ಯರು 1980ರ ಸುಮಾರಿಗೆ ಚೀನಾದ ಹುನಾನ್‌ನಲ್ಲಿ, ತಲೆನೋವು, ನಿದ್ದೆ ಇಲ್ಲ, ನಿಶ್ಶಕ್ತಿ ಅಂತ ಬಂದು ‘ನರದೌರ್ಬಲ್ಯ’ ಅನ್ನಿಸಿಕೊಂಡವರನ್ನು ಪರೀಕ್ಷಿಸಿದರು. ಅವರ ಲೆಕ್ಕದಲ್ಲಿ ಬಹುಪಾಲು ಜನರಿಗೆ ಇದ್ದದ್ದು ಖಿನ್ನತೆ. ಆ ರೋಗಿಗಳೇನೂ ಸುಳ್ಳು ಹೇಳ್ತಿರಲಿಲ್ಲ, ತಲೆನೋವು ನಿಜವೇ. ಹಾಗಾಗಿ ಎದೆ ಭಾರ ಅಂತಲೂ ಹೇಳಿ, ಮನೆಯವರ ಮುಖ ನೆನೆದರೆ ಏನಾಗುತ್ತೆ ಅಂತಲೂ ಹೇಳಿ. ಜಿಪಿ, ಅಂದರೆ ಇಲ್ಲಿ ಯಾವ ಕಾಯಿಲೆಗೂ ಮೊದಲು ನೋಡೋ ಡಾಕ್ಟರ ಹತ್ತಿರ ಸಿಗೋದೇ ಹತ್ತು ನಿಮಿಷ.

ನನಗೆ ಇವತ್ತಿಗೂ ಕೊರಗಿರೋದು ಇನ್ನೊಂದು ವಿಷಯಕ್ಕೆ. ನಾನು ಫೋನಲ್ಲಿ ‘ಚೆನ್ನಾಗಿದ್ದೀನಿ’ ಅಂತಿದ್ದೆ, ಮನೆಯವರೂ ‘ನಾವೂ ಚೆನ್ನಾಗಿದ್ದೀವಿ’ ಅಂತಿದ್ದರು. ಅಪ್ಪನಿಗೆ ಆಪರೇಷನ್ ಆಗಿದ್ದು ಹೊಲಿಗೆ ಬಿಚ್ಚಿದ ಮೇಲೆ ತಿಳೀತು. ಪರೀಕ್ಷೆ ಹತ್ತಿರ ಇದೆ, ಹುಡುಗ ಗಾಬರಿಯಾಗ್ತಾನೆ ಅಂತ ಮುಚ್ಚಿಟ್ಟಿದ್ದರಂತೆ. ಸಿಟ್ಟಾಗೋಕೆ ನನಗೆ ಯಾವ ಬಾಯಿ? ನಾನು ಮಾಡ್ತಿದ್ದದ್ದೂ ಅದೇ. ಎರಡೂ ಕಡೆ ಇದ್ದದ್ದು ಅಕ್ಕರೆಯೇ, ಆದರೆ ಆ ವರ್ಷ ಅಪ್ಪನೂ ನಾನೂ ಮಾತಾಡಿದ್ದು ಇಲ್ಲಿನ ಚಳಿ, ಅಲ್ಲಿನ ಮಳೆ ಅಷ್ಟೇ. ಅಮ್ಮನಿಗೇ ಮೊದಲು ಹೇಳಿ ಅಂತ ನಾನು ಹೇಳಲ್ಲ. ಅಣ್ಣನೋ ಅಕ್ಕನೋ ಚಿಕ್ಕಮ್ಮನೋ, ಕೇಳಿ ಗಾಬರಿಯಾಗದ ಒಬ್ಬರಿಗಾದರೂ ಹೇಳಿ.

ಇಲ್ಲಿಯವರ ವಿಷಯ: ಕರೆಯದೆ ಇನ್ನೊಬ್ಬರ ಬದುಕಿನಲ್ಲಿ ಮೂಗು ತೂರಿಸಬಾರದು ಅನ್ನೋದು ಇವರ ಮರ್ಯಾದೆ. ನೀವಾಗಿಯೇ ಬಾಯಿಬಿಟ್ಟರೆ ಕೂತು ಕೇಳೋರು ಇದ್ದಾರೆ. ‘ಇವರಿಗೆ ಬಾಂಧವ್ಯ ಇಲ್ಲ, ನಮಗಿದೆ’ ಅನ್ನೋ ಜಂಭ ಮಾತ್ರ ಬೇಡ. 2018ರಲ್ಲಿ ಬ್ರಿಟನ್ ಒಂಟಿತನದ ಹೊಣೆಯನ್ನು ಒಬ್ಬ ಮಂತ್ರಿಗೆ ಕೊಟ್ಟಾಗ ನಮ್ಮವರು ನಕ್ಕಿದ್ದು ಕೇಳಿದ್ದೀನಿ. ಮನೆತನ, ಹಿರಿಯರು ಅಂತ ನಮ್ಮಷ್ಟೇ ಹೇಳಿಕೊಳ್ಳೋ ಜಪಾನ್ ಕೂಡ 2021ರಲ್ಲಿ ಅದನ್ನೇ ಮಾಡಿತು.

ಜಿಪಿ ಹತ್ತಿರ ಹೆಸರು ನೋಂದಾಯಿಸಿಲ್ಲ ಅಂದಿರಲ್ಲ, ಈ ವಾರವೇ ಮಾಡಿ. ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ನಡೆಸೋ, ಮಾತಿನ ಮೂಲಕ ಚಿಕಿತ್ಸೆ ಕೊಡೋ ಟಾಕಿಂಗ್ ಥೆರಪೀಸ್‌ಗೆ ಡಾಕ್ಟರ ಚೀಟಿ ಇಲ್ಲದೆ ನೀವೇ ಅರ್ಜಿ ಹಾಕಬಹುದು, ಆದರೆ ಕಾಯಿಸ್ತಾರೆ. ಅಲ್ಲಿಯವರೆಗೆ ವಿಶ್ವವಿದ್ಯಾಲಯದ ಕೌನ್ಸೆಲರ್‌ನ ನೋಡಿ. ರಾತ್ರಿ ತೀರಾ ತಡೆಯೋಕಾಗದಿದ್ದರೆ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ, ಮಾನಸಿಕ ಆರೋಗ್ಯದ ನೆರವಿಗೆ 2 ಒತ್ತಿ.