ಓದುಗರ ಪ್ರಶ್ನೆ: ಮಿನ್ನೆವಾಸ್ಕ ಸರೋವರದ ದಾರಿ

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಲಿದ್ದೇವೆ. ಹತ್ತಿರದ ನ್ಯೂಯಾರ್ಕ್ ರಾಜ್ಯದ ಮಿನ್ನೆವಾಸ್ಕ ರಕ್ಷಿತಾರಣ್ಯದಲ್ಲಿ ವಯಸ್ಸಾದವರು ನಡೆಯಲು ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ಶಾವಂಗಂಕ್ ಬೆಟ್ಟಸಾಲಿನ ಮೇಲಿರುವ ಈ ಸರೋವರದ ಸುತ್ತಲಿನ ದಾರಿಗಳನ್ನು, ಹಿಂದೆ ಇಲ್ಲಿದ್ದ ಹೋಟೆಲುಗಳ ಅತಿಥಿಗಳು ಕುದುರೆಗಾಡಿಯಲ್ಲಿ ವಿಹರಿಸಲೆಂದು ನಿರ್ಮಿಸಲಾಗಿತ್ತಾದ್ದರಿಂದ, ಅವು ಅಗಲವಾಗಿಯೂ ಹೆಚ್ಚು ಕಡಿದಾದ ಏರಿಲ್ಲದೆಯೂ ಇವೆ. ಸರೋವರವನ್ನು ಸುತ್ತಲು ಸುಮಾರು 3 ಕಿಲೋಮೀಟರ್ ನಡೆಯಬೇಕಾಗುತ್ತದೆ; ಆತುರವಿಲ್ಲದವರಿಗೆ ಒಂದೂವರೆ ಗಂಟೆ ಬೇಕಾದೀತು. ಹಿಮನದಿಗಳು ಕೊರೆದ ತಗ್ಗಿನಲ್ಲಿ ನಿಂತ ನೀರಿನ ಅಂಚಿಗೇ ಬಿಳಿಯ ಸ್ಫಟಿಕಶಿಲೆಯ ಬಂಡೆಗಳು ಎದ್ದು ನಿಂತಿರುವುದೇ ಇಲ್ಲಿನ ನಿಜವಾದ ಸೊಬಗು. ಅವೋಸ್ಟಿಂಗ್ ಜಲಪಾತ ಪ್ರವೇಶದ್ವಾರಕ್ಕೆ ಸಮೀಪವೇ ಇದೆ, ಅದನ್ನು ಬಿಡಬೇಡಿ. ಅಕ್ಟೋಬರಿನಲ್ಲಿ ಎಲೆಗಳು ಬಣ್ಣ ತಳೆಯುವ ವಾರಾಂತ್ಯಗಳಲ್ಲಿ ವಾಹನ ನಿಲುಗಡೆ ಬೆಳಿಗ್ಗೆಯೇ ತುಂಬಿಬಿಡುವುದುಂಟು. ನೀವು ನಿಶ್ಶಬ್ದವನ್ನು ಬಯಸುವವರಾದರೆ ವಾರದ ನಡುವಿನ ದಿನವನ್ನು ಆರಿಸಿಕೊಳ್ಳುವುದೇ ಜಾಣತನ. ಲೈಮ್ ರೋಗವೆಂಬ ಸೋಂಕನ್ನು ಹರಡುವ, ರಕ್ತ ಹೀರುವ ಉಣ್ಣೆ ಹುಳುಗಳ ಭಯವಿರುವುದರಿಂದ ಹುಲ್ಲಿನೊಳಗೆ ಇಳಿಯದೆ, ಮರಳಿದ ಮೇಲೆ ಕಾಲುಗಳನ್ನು ತಪ್ಪದೆ ಪರೀಕ್ಷಿಸಿಕೊಳ್ಳಿ.