ಹೋಮ್ಸ್ ಮೈಸೂರಿಗೆ ಬಂದರೆ ದಸರಾ ನೋಡಬಹುದೇ?

ಬರೆಯುವವರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಫ್ಯಾನ್ ಫಿಕ್ಷನ್ ಕುರಿತವು. ಬೇರೊಬ್ಬರು ಕಟ್ಟಿದ ಪಾತ್ರ, ಲೋಕಗಳನ್ನಿಟ್ಟುಕೊಂಡು ಅಭಿಮಾನಿಗಳು ಬರೆಯುವ ಹೊಸ ಕಥೆಗಳಿಗೆ ಈ ಹೆಸರು. ಕೇಳಿದವರಲ್ಲಿ ಬಹುಪಾಲು ಜನ, ಆರ್ಥರ್ ಕಾನನ್ ಡಾಯ್ಲ್ ಸೃಷ್ಟಿಸಿದ ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಬೆನ್ನು ಹತ್ತಿದ್ದಾರೆ. ಆದ್ದರಿಂದ ಉದಾಹರಣೆಗಳೂ ಅವನವೇ.

ಪ್ರಶ್ನೆ: 1891ರಿಂದ 1894ರವರೆಗೆ ಹೋಮ್ಸ್ ಸತ್ತನೆಂದೇ ಲೋಕ ನಂಬಿತ್ತು. ಆ ಅವಧಿಯಲ್ಲಿ ಅವನು ಗುಟ್ಟಾಗಿ ಮೈಸೂರಿಗೆ ಬಂದು, ದಸರಾ ಗದ್ದಲದ ನಡುವೆ ಅರಮನೆಯ ಕಳವೊಂದನ್ನು ಪತ್ತೆ ಮಾಡುವ ಕಥೆ ಬರೆಯುತ್ತಿದ್ದೇನೆ. ಮೂಲದಂತೆ ಅವನ ಗೆಳೆಯ ವಾಟ್ಸನ್‌ನೇ ನಿರೂಪಕ. ಮೂಲಕ್ಕೆ ಎಲ್ಲೂ ಧಕ್ಕೆಯಾಗಬಾರದು. ಏನೇನು ನೋಡಿಕೊಳ್ಳಬೇಕು? (ಮೈಸೂರಿನ ಓದುಗರೊಬ್ಬರು)

ಉತ್ತರ: ಮೊದಲು ತಿಂಗಳುಗಳ ಲೆಕ್ಕ ಹಾಕಿ. ಹೋಮ್ಸ್ ಸ್ವಿಟ್ಜರ್ಲೆಂಡಿನ ರೈಕನ್‌ಬಾಖ್ ಜಲಪಾತದ ಬಳಿ ಕಣ್ಮರೆಯಾದದ್ದು 1891ರ ಮೇ 4ರಂದು. ವಾಟ್ಸನ್‌ನ ಎದುರು ಮತ್ತೆ ಕಾಣಿಸಿಕೊಂಡದ್ದು 1894ರ ಏಪ್ರಿಲ್‌ನಲ್ಲಿ. ನಡುವೆ ಇರುವುದು ಸುಮಾರು 35 ತಿಂಗಳು. ಆ ಅವಧಿಯ ಲೆಕ್ಕವನ್ನು ಅವನೇ ಒಪ್ಪಿಸಿದ್ದಾನೆ: ವಾರದೊಳಗೆ ಫ್ಲಾರೆನ್ಸ್, ಆಮೇಲೆ ಎರಡು ವರ್ಷ ಟಿಬೆಟ್, ಅಲ್ಲಿಂದ ಪರ್ಷಿಯಾ, ಮೆಕ್ಕಾ, ಖಾರ್ಟೂಮ್, ಕೊನೆಗೆ ಫ್ರಾನ್ಸಿನ ಮೊಂಪೆಲಿಯೆಯಲ್ಲಿ ಕೆಲವು ತಿಂಗಳು ಪ್ರಯೋಗಾಲಯದ ಕೆಲಸ.

ಟಿಬೆಟ್‌ಗೆ 24 ಕಳೆದರೆ ಉಳಿಯುವುದು 11. ಮೊಂಪೆಲಿಯೆಗೆ ಕಡಿಮೆಯೆಂದರೂ 3 ಹಾಕಿ. ಹಡಗು, ಒಂಟೆಗಳ ಕಾಲದಲ್ಲಿ ಪರ್ಷಿಯಾದಿಂದ ಖಾರ್ಟೂಮ್‌ವರೆಗಿನ ಸುತ್ತಾಟಕ್ಕೆ 5 ತಿಂಗಳು ಕೊಡದೆ ವಿಧಿಯಿಲ್ಲ. ಕೈಯಲ್ಲಿ ಮಿಕ್ಕದ್ದು 3. ಅದರಲ್ಲೊಂದು ಇಟಲಿಯಿಂದ ಇಲ್ಲಿಗೆ ಬರುವ ದಾರಿಗೇ ಹೋಗುತ್ತದೆ. ಅಂದರೆ ನಿಮ್ಮ ಹೋಮ್ಸ್ ಮೈಸೂರಿನಲ್ಲಿ ಇರಬಹುದಾದದ್ದು 1891ರ ಜೂನ್ ಕೊನೆ ಇಲ್ಲವೇ ಜುಲೈನಲ್ಲಿ, ಕೆಲವೇ ವಾರ. ದಸರಾ ಬರುವ ಹೊತ್ತಿಗೆ ಅವನು ಹಿಮಾಲಯದ ಆಚೆ ಇರಬೇಕು. ಟಿಬೆಟ್ ಮುಗಿಸಿಕೊಂಡು 1893ರ ದಸರಾಕ್ಕೆ ಬರಲಿ ಎನ್ನುವಿರೋ, ಮಿಕ್ಕ ದೇಶಗಳನ್ನೆಲ್ಲ ಆರು ತಿಂಗಳೊಳಗೆ ತುರುಕಬೇಕಾಗುತ್ತದೆ. ತುರುಕಿದ್ದು ಕಾಣುತ್ತದೆ.

ಇನ್ನೊಂದು ದಾರಿಯೂ ಇದೆ: ಟಿಬೆಟ್‌ನ ಕಥೆಯೇ ಸುಳ್ಳು ಎನ್ನುವುದು. ಹಲವರು ಅದನ್ನು ಹಿಡಿದಿದ್ದಾರೆ. ಆದರೆ ಮೂರು ವರ್ಷ ತನಗಾಗಿ ಕೊರಗಿದ ಗೆಳೆಯನಿಗೆ ಹೋಮ್ಸ್ ಮರಳಿದ ದಿನವೇ ಸುಳ್ಳು ಹೇಳಿದ ಎಂದಾಗುತ್ತದೆ. ಏಕೆ ಹೇಳಿದ ಎಂಬುದು ಕಳವಿಗಿಂತ ದೊಡ್ಡ ಪ್ರಶ್ನೆಯಾಗಿ ಕೂರುತ್ತದೆ. ಆ ಭಾರ ಹೊರಲು ನಿಮ್ಮ ಕಥೆ ಸಿದ್ಧವಿದ್ದರೆ ಮಾತ್ರ ಆ ದಾರಿ. ನಮ್ಮನ್ನು ಕೇಳಿದರೆ, ದಸರಾ ಬಿಡಿ, ಆಷಾಢದ ಮಳೆ ಹಿಡಿಯಿರಿ. ಜಂಬೂಸವಾರಿಯ ವರ್ಣನೆ ಓದಿ ಓದಿ ಜನಕ್ಕೆ ಸಾಕಾಗಿದೆ.

ನಿರೂಪಕನದು ಇದಕ್ಕಿಂತ ದೊಡ್ಡ ತೊಡಕು. ಹೋಮ್ಸ್ ಬದುಕಿದ್ದಾನೆಂದು ವಾಟ್ಸನ್‌ಗೆ ಗೊತ್ತಾಗುವುದೇ 1894ರಲ್ಲಿ. ಗುಟ್ಟು ಬಲ್ಲವನು ಅಣ್ಣ ಮೈಕ್ರಾಫ್ಟ್ ಒಬ್ಬ. ಶತ್ರುಗಳಲ್ಲಿ ಜಲಪಾತದ ಬಳಿ ಅವನನ್ನು ಕಣ್ಣಾರೆ ಕಂಡ ಕರ್ನಲ್ ಮೊರಾನ್. ಹಾಗಾಗಿ ಮೈಸೂರಿನಲ್ಲಿ ವಾಟ್ಸನ್ ಇರುವಂತಿಲ್ಲ, ‘ಹೋಮ್ಸ್’ ಎಂದು ಯಾರೂ ಕರೆಯುವಂತೆಯೂ ಇಲ್ಲ. ಸಾವಿನ ಸುದ್ದಿ ಮೇ 7ರ ಇಂಗ್ಲಿಷ್ ಪತ್ರಿಕೆಗಳಲ್ಲಿ ರಾಯಿಟರ್ ತಂತಿಯಾಗಿ ಬಂದಿತ್ತೆಂದು ಮೂಲದಲ್ಲೇ ಇದೆ. ಜುಲೈ ವೇಳೆಗೆ ಮೈಸೂರಿನ ಓದುಬಲ್ಲ ಗುಮಾಸ್ತನಿಗೂ ಅದು ತಿಳಿದಿರಬಹುದು. ನಿರೂಪಣೆಯನ್ನು ಆ ಗುಮಾಸ್ತನಿಗೇ ಕೊಡಿ.

ಇನ್ನು ಊರಿನ ವಿವರ. ಆಗ ಪಟ್ಟದಲ್ಲಿದ್ದವರು ಹತ್ತನೆಯ ಚಾಮರಾಜೇಂದ್ರ ಒಡೆಯರು, ದಿವಾನರು ಶೇಷಾದ್ರಿ ಅಯ್ಯರ್. ನಿಮ್ಮ ಕಳವು ನಡೆಯಬೇಕಾದದ್ದು 1897ರಲ್ಲಿ ಸುಟ್ಟುಹೋದ ಹಳೆಯ ಮರದ ಅರಮನೆಯಲ್ಲಿ. ಈಗಿರುವ ಅರಮನೆ ಮುಗಿದದ್ದು 1912ಕ್ಕೆ. ನೀವು ಕಳಿಸಿದ ಅಧ್ಯಾಯದಲ್ಲಿ ದೀಪದ ಸ್ವಿಚ್ ಒತ್ತುವ ಸಾಲಿದೆ. ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿದದ್ದೇ 1902ರಲ್ಲಿ. ಎಣ್ಣೆ ದೀಪ ಹಚ್ಚಿಸಿ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ಅದನ್ನೂ ತೆಗೆಯಿರಿ. ಬೆಂಗಳೂರಿನಿಂದ ಮೈಸೂರಿಗೆ ರೈಲು ಆಗಲೇ ಓಡುತ್ತಿತ್ತು, ಅದಕ್ಕೆ ಚಿಂತೆ ಬೇಡ.

ಇದನ್ನೆಲ್ಲ ನೆನಪಿಗೆ ಬಿಡಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಐದು ಕಾಲಂ ಎಳೆಯಿರಿ: ಘಟನೆ, ಯಾವ ಕಥೆಯಲ್ಲಿ ಬಂದದ್ದು, ತಾರೀಖು, ಅದು ಯಾರಿಗೆ ಎಂದಿನಿಂದ ಗೊತ್ತು, ಕೊನೆಯದಾಗಿ ಅದು ಮೂಲದ ಮಾತೋ ನನ್ನ ಊಹೆಯೋ ನನ್ನದೇ ಸೃಷ್ಟಿಯೋ. ತಾರೀಖಿನ ತಪ್ಪನ್ನು ಓದುಗರು ಕ್ಷಮಿಸುತ್ತಾರೆ. ತನಗೆ ತಿಳಿದಿರಲು ಸಾಧ್ಯವೇ ಇಲ್ಲದ ವಿಷಯವನ್ನು ಪಾತ್ರ ಆಡಿದರೆ ಕಥೆ ಅಲ್ಲೇ ಕುಸಿಯುತ್ತದೆ. ಆದ್ದರಿಂದ ನಾಲ್ಕನೆಯ ಕಾಲಂ ಖಾಲಿ ಬಿಡಬೇಡಿ. ಐದನೆಯದನ್ನು ಮೂರು ಬಣ್ಣದ ಶಾಯಿಯಲ್ಲಿ ತುಂಬಿ. ಹತ್ತು ಪುಟ ಬರೆಯುವುದರೊಳಗೆ ನಮ್ಮ ಊಹೆಯೇ ಮೂಲದಲ್ಲಿತ್ತೆಂದು ಅನ್ನಿಸತೊಡಗುತ್ತದೆ.

ಪ್ರಶ್ನೆ: ಹೋಮ್ಸ್ ಓದಿಲ್ಲದವರಿಗೂ ಕಥೆ ಅರ್ಥವಾಗಲೆಂದು ಮೊದಲ ಎರಡು ಪುಟ ಪೂರ್ವಕಥೆ ಕೊಟ್ಟೆ. ಓದಿದವರು ‘ಬೋರ್’ ಎಂದರು. ತೆಗೆದುಹಾಕಿದೆ, ಓದದವರು ‘ತಲೆಬುಡ ತಿಳಿಯಲಿಲ್ಲ’ ಎಂದರು. ಏನು ಮಾಡಲಿ? (ಶಿರಸಿಯಿಂದ)

ಉತ್ತರ: ನಿಮ್ಮ ಕಡೆಯ ತಾಳಮದ್ದಳೆಯನ್ನೇ ನೋಡಿ. ಅರ್ಥಧಾರಿ ಬಂದು ಕುಳಿತು, ತಾನು ಯಾರು, ಇಲ್ಲಿಯವರೆಗೆ ನಡೆದದ್ದೇನು, ಈಗ ತನ್ನ ಮನಸ್ಸಿನಲ್ಲಿರುವುದೇನು ಎಂದು ಪೀಠಿಕೆ ಹಾಕುತ್ತಾನೆ. ಅದು ಎಷ್ಟು ಹೊತ್ತು ನಡೆದರೂ ಯಾರೂ ಏಳುವುದಿಲ್ಲ. ಕಥೆ ಎಲ್ಲರಿಗೂ ಗೊತ್ತು, ಈ ಕರ್ಣ ತನ್ನ ಬದುಕನ್ನು ಹೇಗೆ ಸಮರ್ಥಿಸಿಕೊಳ್ಳುತ್ತಾನೆ ಎಂದು ಕೇಳಲು ಬಂದವರು ಅವರು. ಅಂದರೆ ಪೀಠಿಕೆಯೊಳಗೆ ಒಂದು ವಾದ ಇರುತ್ತದೆ. ನಿಮ್ಮ ಎರಡು ಪುಟದಲ್ಲಿ ಇದ್ದದ್ದು ಮಾಹಿತಿ ಮಾತ್ರ.

ಹೀಗಾಗಿ ಪೂರ್ವಕಥೆಯ ಪ್ರತಿ ತುಣುಕಿಗೂ ಒಂದೇ ಪರೀಕ್ಷೆ: ಈ ಕ್ಷಣದಲ್ಲಿ ಯಾವ ಪಾತ್ರಕ್ಕೆ ಇದು ಬೇಕು? ಏನನ್ನೋ ಪಡೆಯಲು, ಮುಚ್ಚಿಡಲು, ತಪ್ಪಿಸಿಕೊಳ್ಳಲು ಬೇಕಿದ್ದರೆ ಇರಲಿ. ಓದುಗರಿಗೆ ಮಾತ್ರ ಬೇಕಿದ್ದರೆ ಇನ್ನೊಂದು ಜಾಗ ಹುಡುಕಿ. ಒಂದು ಮಾದರಿ ನೋಡಿ. ಮೇಲಿನ ಪತ್ರದ ಕಥೆಯನ್ನೇ ಎರವಲು ಪಡೆದಿದ್ದೇವೆ. ಹೋಮ್ಸ್ ಇಲ್ಲಿ ಸಿಗರ್‌ಸನ್ ಎಂಬ ಹೆಸರಿನಲ್ಲಿದ್ದಾನೆ. ಕೆಟ್ಟ ಬಗೆ ಹೀಗಿರುತ್ತದೆ:

‘ಎರಡು ತಿಂಗಳ ಹಿಂದೆ ಸ್ವಿಟ್ಜರ್ಲೆಂಡಿನ ಜಲಪಾತವೊಂದರ ಅಂಚಿನಲ್ಲಿ ಪ್ರೊಫೆಸರ್ ಮೊರಿಯಾರ್ಟಿ ಎಂಬ ಮಹಾ ಪಾತಕಿಯೊಂದಿಗೆ ಸೆಣಸಿ ಬದುಕುಳಿದಿದ್ದ ಹೋಮ್ಸ್, ಅವನ ಸಹಚರರಿಗೆ ಹೆದರಿ ವೇಷ ಮರೆಸಿಕೊಂಡಿದ್ದ.’

ಇದನ್ನೇ ಗುಮಾಸ್ತನ ಬಾಯಲ್ಲಿ ಹೀಗೆ ತರಬಹುದು:

‘ಭರಚುಕ್ಕಿಯ ಅಂಚಿಗೆ ಇನ್ನೂ ಹತ್ತು ಮಾರು ಇತ್ತು. ಸಿಗರ್‌ಸನ್ ಸಾಹೇಬರು ನಿಂತುಬಿಟ್ಟರು.

“ನೀವು ನೋಡಿಕೊಂಡು ಬನ್ನಿ, ರಾಯರೇ.”

“ಇಷ್ಟು ದೂರ ಬಂದು ನೋಡದೆ ಹೋಗುವುದೇ?”

“ಮೇ ತಿಂಗಳಲ್ಲಿ ಒಂದನ್ನು ನೋಡಿದ್ದೇನೆ. ಸಾಕು.”

ಅವರ ಕಣ್ಣು ನೀರಿನ ಮೇಲಿರಲಿಲ್ಲ. ನಾವು ಬಂದ ಕಾಲುದಾರಿಯ ಮೇಲಿತ್ತು.’

ಮೂಲ ಬಲ್ಲವರಿಗೆ ರೈಕನ್‌ಬಾಖ್ ಕಾಣುತ್ತದೆ, ಹಿಂಬಾಲಿಸುತ್ತಿರಬಹುದಾದ ಮೊರಾನ್ ಕಾಣುತ್ತಾನೆ. ಅರಿಯದವರಿಗೆ, ಯಾವುದೋ ಜಲಪಾತದ ಬಳಿ ಕೇಡು ಕಂಡು ಬಂದ, ಬೆನ್ನ ಹಿಂದೆ ಯಾರಿರುವರೋ ಎಂದು ಅಂಜುವ ಮನುಷ್ಯ ಕಾಣುತ್ತಾನೆ. ಮೊರಿಯಾರ್ಟಿಯ ಹೆಸರು ಮೂರನೆಯ ಅಧ್ಯಾಯದವರೆಗೆ ಬಾರದಿದ್ದರೂ ಇಬ್ಬರಿಗೂ ನಷ್ಟವಿಲ್ಲ.

ಡಾಯ್ಲ್‌ನ ಕೈಚಳಕವೂ ಒಂದಿದೆ. ವಾಟ್ಸನ್‌ನ ಹೆಂಡತಿ ತೀರಿಕೊಂಡಳು ಎಂಬುದನ್ನು ಹೋಮ್ಸ್ ಮರಳಿ ಬರುವ ಕಥೆಯಲ್ಲಿ ಡಾಯ್ಲ್ ಎಲ್ಲೂ ನೇರವಾಗಿ ಹೇಳುವುದಿಲ್ಲ. ವಾಟ್ಸನ್ ತನಗೊದಗಿದ ಅಗಲಿಕೆ ಎಂದಷ್ಟೇ ಅಂದು, ಹೋಮ್ಸ್‌ನ ಮರುಕ ಮಾತಿಗಿಂತ ನಡವಳಿಕೆಯಲ್ಲಿ ತೋರಿತೆಂದು ಮುಂದೆ ಸಾಗುತ್ತಾನೆ. ಒಂದು ವಾಕ್ಯ, ಅಷ್ಟೆ. ಇಷ್ಟು ದೊಡ್ಡ ಸಾವಿಗೆ ಅಷ್ಟು ಸಾಕಾದರೆ, ಹೋಮ್ಸ್ ಇದ್ದ ಬೇಕರ್ ಸ್ಟ್ರೀಟಿನ ಮನೆಗೆ ಹದಿನೇಳು ಮೆಟ್ಟಿಲು ಎಂಬುದಕ್ಕೆ ನಿಮಗೆ ಪ್ಯಾರಾ ಏಕೆ?

ಅಳತೆ ಬೇಕೆಂದರೆ: ಮೊದಲ ಮುನ್ನೂರು ಪದಗಳಲ್ಲಿ ಮೂಲದಿಂದ ಬಂದ ಹೆಸರುಗಳು ಮೂರನ್ನು ದಾಟದಿರಲಿ. ‘ನಿನಗೆ ಗೊತ್ತೇ ಇರುವಂತೆ’ ಎಂದು ಯಾರಾದರೂ ಬಾಯಿ ತೆರೆದರೆ ಆ ಸಾಲನ್ನು ಹೊಡೆದುಹಾಕಿ, ಗೊತ್ತಿದ್ದವನಿಗೆ ಹೇಳುವುದೇಕೆ? ಮುಗಿದ ಮೇಲೆ ಇಬ್ಬರಿಗೆ ಕೊಡಿ, ಮೂಲ ಓದಿದವರೊಬ್ಬರು, ಓದದವರೊಬ್ಬರು. ‘ಇಷ್ಟವಾಯಿತೇ’ ಎಂದು ಕೇಳಬೇಡಿ. ಓದಿದವರು ಎಲ್ಲಿ ಸಾಲು ಹಾರಿಸಿದರು, ಓದದವರು ಎಲ್ಲಿ ಹಿಂದಿನ ಪುಟ ತಿರುವಿದರು ಎಂದು ಗುರುತು ಹಾಕಿಸಿಕೊಳ್ಳಿ. ತಿದ್ದಬೇಕಾದದ್ದು ಆ ಜಾಗಗಳನ್ನು ಮಾತ್ರ.

ಪ್ರಶ್ನೆ: ಮೂಲದಲ್ಲೇ ತಾಳೆಯಾಗದ ಸಂಗತಿಗಳಿವೆಯಲ್ಲ. ಯಾವುದನ್ನು ನಂಬುವುದು? (ಹಾಸನ)

ಉತ್ತರ: ಬೇಕಾದಷ್ಟಿವೆ. ಅಫ್ಘಾನಿಸ್ತಾನದ ಮೈವಂದ್ ಯುದ್ಧದಲ್ಲಿ ವಾಟ್ಸನ್‌ಗೆ ಗುಂಡು ತಗಲಿದ್ದು 1887ರ ಮೊದಲ ಕಾದಂಬರಿಯ ಪ್ರಕಾರ ಭುಜಕ್ಕೆ, 1890ರ ಎರಡನೆಯದರಲ್ಲಿ ಕಾಲಿಗೆ. ಅದೇ ಎರಡನೆಯದರಲ್ಲಿ, ಮುಂದೆ ವಾಟ್ಸನ್‌ನ ಹೆಂಡತಿಯಾಗುವ ಮೇರಿ ತಂದ ಪತ್ರದ ಮೇಲೆ ಜುಲೈ 7ರ ಅಂಚೆ ಮುದ್ರೆಯಿದೆ, ಅಂದಿನ ಸಂಜೆ ಮಾತ್ರ ಸೆಪ್ಟೆಂಬರಿನದು. ಕೆಂಪು ಕೂದಲಿನವರ ಸಂಘದ ಕಥೆಯಲ್ಲಿ 1890ರ ಏಪ್ರಿಲ್ 27ರ ಜಾಹೀರಾತು ಬರೀ ಎರಡು ತಿಂಗಳ ಹಿಂದಿನದಂತೆ, ಆದರೆ ಸಂಘ ಮುಚ್ಚಿದ ಚೀಟಿಯಲ್ಲಿ ಅಕ್ಟೋಬರ್ 9 ಎಂದಿದೆ. ಒಂದು ಕಥೆಯಂತೂ 1892ರ ಮಾರ್ಚ್‌ನಲ್ಲಿ ನಡೆಯುತ್ತದೆ. ಹೋಮ್ಸ್ ಆಗ ‘ಸತ್ತಿದ್ದ’!

ಮೂರು ದಾರಿ. ಕಥೆಗೆ ಬೇಡವಾದ ಗಂಟಾದರೆ ಸುತ್ತಿ ಹೋಗಿ: ‘ಹಳೆಯ ಗಾಯ ನೋಯುತ್ತಿತ್ತು’ ಎಂದರೆ ಭುಜವೂ ಹೌದು, ಕಾಲೂ ಹೌದು. ಅವನನ್ನು ಕುಂಟಿಸಿದಿರೋ, ಕಾಲನ್ನು ಆರಿಸಿಕೊಂಡಿರಿ. ಕೊನೆಯವರೆಗೂ ಕಾಲೇ ಇರಲಿ. ಮೂರನೆಯದು, ಗಂಟಿನಿಂದಲೇ ಹೊಸದನ್ನು ನೇಯುವುದು. ಜಾನ್ ಎಚ್. ವಾಟ್ಸನ್‌ನನ್ನು ಹೆಂಡತಿ ಒಂದೆಡೆ ‘ಜೇಮ್ಸ್’ ಎಂದು ಕರೆಯುತ್ತಾಳೆ. ಪತ್ತೇದಾರಿ ಕಾದಂಬರಿಗಾರ್ತಿ ಡೊರೊಥಿ ಸೇಯರ್ಸ್ ಇದಕ್ಕೆ ಕೊಟ್ಟ ಉತ್ತರ ಸೊಗಸಾಗಿದೆ: ‘ಎಚ್’ ಎಂದರೆ ಹೇಮಿಶ್, ಜೇಮ್ಸ್ ಎಂಬುದರ ಸ್ಕಾಟಿಷ್ ರೂಪ, ಹೆಂಡತಿ ಸಲಿಗೆಯಿಂದ ಆ ನಡುವಿನ ಹೆಸರನ್ನು ಹಿಡಿದಳು. ಮೂಲದ ಒಂದಕ್ಷರವನ್ನೂ ಅಳಿಸದೆ ಗಂಟು ಬಿಚ್ಚಿತು. ಇಂಥದ್ದು ಒಂದು ಕಥೆಗೆ ಒಂದು ಸಾಕು. ನಾಲ್ಕು ಬಿಚ್ಚಲು ಹೊರಟರೆ ಕಥೆ ಹೋಗಿ ಪ್ರಬಂಧವಾಗುತ್ತದೆ.

ಪ್ರಶ್ನೆ: ಕನ್ನಡದಲ್ಲಿ ಬರೆಯುವಾಗ ಹೋಮ್ಸ್ ಮತ್ತು ವಾಟ್ಸನ್ ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ? (ಧಾರವಾಡ)

ಉತ್ತರ: ಇದೂ ಕಂಟಿನ್ಯುಟಿಯ, ಅಂದರೆ ಹಿಂದುಮುಂದು ತಾಳೆಯಾಗುವುದರ, ಪ್ರಶ್ನೆಯೇ, ಕೇಳುವವರು ಕಡಿಮೆ. ಇಂಗ್ಲಿಷ್ ಮೂಲ ಇಲ್ಲಿ ಮೌನ, ನಿರ್ಧಾರ ನಿಮ್ಮದು. ಮೊದಲ ಭೇಟಿಯಲ್ಲಿ ‘ನೀವು’, ಒಂದೇ ಮನೆಯಲ್ಲಿ ವರ್ಷ ಕಳೆದ ಮೇಲೆ ‘ನೀನು’ ಸಹಜ. ಆ ತಿರುವು ಯಾವ ದೃಶ್ಯದಲ್ಲಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇಲ್ಲದಿದ್ದರೆ ಹತ್ತನೆಯ ಪುಟದಲ್ಲಿ ‘ಬಾರಯ್ಯ’, ಹನ್ನೆರಡರಲ್ಲಿ ‘ಬನ್ನಿ’ ಆಗುತ್ತದೆ. ಪೊಲೀಸ್ ಅಧಿಕಾರಿ ಲೆಸ್ಟ್ರೇಡ್‌ಗೂ ಮನೆಯೊಡತಿ ಮಿಸೆಸ್ ಹಡ್ಸನ್‌ಗೂ ಕೊನೆಯವರೆಗೆ ‘ನೀವು’ ಇರಲಿ.

ನಂಟಿನ ಪದಗಳಲ್ಲಿ ಇನ್ನೂ ಎಚ್ಚರ ಬೇಕು. ಮೈಕ್ರಾಫ್ಟ್ ಏಳು ವರ್ಷ ದೊಡ್ಡವನೆಂದು ಮೂಲ ಹೇಳುವುದರಿಂದ ‘ಅಣ್ಣ’ ಎನ್ನಲು ಅಡ್ಡಿಯಿಲ್ಲ. ಮೊರಿಯಾರ್ಟಿಯ ಒಡಹುಟ್ಟಿದವರಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವನು ‘ತಮ್ಮ’, ಅದನ್ನೂ ಮೂಲ ಹೇಳಿದೆ. ಕರ್ನಲ್ ಆಗಿದ್ದ ಇನ್ನೊಬ್ಬ ದೊಡ್ಡವನೋ ಚಿಕ್ಕವನೋ ಅಲ್ಲಿಲ್ಲ. ಅವನು ‘ಸಹೋದರ’ನಾಗಿಯೇ ಉಳಿಯಲಿ. ಕನ್ನಡದ ಒಂದು ಪದ, ಮೂಲದಲ್ಲಿಲ್ಲದ ಸಂಗತಿಯನ್ನು ನಿಮಗರಿವಿಲ್ಲದೆ ಕಥೆಗೆ ಸೇರಿಸಿಬಿಡುತ್ತದೆ.

ಪ್ರಶ್ನೆ: ಮೂಲವನ್ನು ಬೇಕೆಂದೇ ಬದಲಿಸುವುದು ತಪ್ಪೇ? (ಬಳ್ಳಾರಿ)

ಉತ್ತರ: ಪಂಪನ ನಾಡಿನವರು ಕೇಳುವ ಪ್ರಶ್ನೆಯೇ ಇದು? ಅವನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಮಡದಿ, ಕೊನೆಗೆ ಪಟ್ಟಾಭಿಷೇಕವೂ ಅರ್ಜುನನಿಗೆ. ಬದಲಿಸಿ, ಆದರೆ ಒಂದು ಎಳೆ ಎಳೆದರೆ ಎಲ್ಲೆಲ್ಲಿ ನೆರಿಗೆ ಬೀಳುತ್ತದೆಂದು ಮೊದಲೇ ಹುಡುಕಿ. ದ್ರೌಪದಿ ಅರ್ಜುನನಿಗೆ ಮಾತ್ರ ಸೇರಿದವಳಾದರೆ, ಜೂಜಿನಲ್ಲಿ ಅವಳನ್ನು ಒಡ್ಡಲು ಧರ್ಮರಾಯನಿಗೆ ಯಾವ ಅಧಿಕಾರ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಬದಲಿಸಿದ ಸಂಗತಿ ಮೊದಲ ಪುಟದಲ್ಲೇ, ವಿವರಣೆಯಿಲ್ಲದೆ, ನಡೆದುಹೋದದ್ದೆಂಬಂತೆ ಬರಲಿ. ಅರ್ಧ ದಾರಿಯಲ್ಲಿ ತಿಳಿದರೆ ಓದುಗರು ಅದನ್ನು ನಿಮ್ಮ ತಪ್ಪೆಂದೇ ಓದುತ್ತಾರೆ.

ಪ್ರಶ್ನೆ: ಸಿನಿಮಾ, ಟಿವಿಯ ಹೋಮ್ಸ್‌ನಿಂದ ವಿವರ ತೆಗೆದುಕೊಳ್ಳಬಹುದೇ? (ದುಬೈ)

ಉತ್ತರ: ಒಂದನ್ನು ಆಧಾರವಾಗಿ ಹಿಡಿದು ಕಥೆಯ ತಲೆಯಲ್ಲೇ ಹೇಳಿಬಿಡಿ. ಬೆರೆಸಿದರೆ ನಿಮ್ಮ ವಾಟ್ಸನ್ ಕುದುರೆಗಾಡಿಯಲ್ಲಿ ಕುಳಿತು ಬ್ಲಾಗ್ ಬರೆಯುತ್ತಾನೆ. ಡಾಯ್ಲ್ ತೀರಿಕೊಂಡದ್ದು 1930ರಲ್ಲಿ. ಭಾರತದಲ್ಲಿ ಹಕ್ಕುಸ್ವಾಮ್ಯದ ಅವಧಿ ಲೇಖಕ ಸತ್ತ ಮೇಲೆ 60 ವರ್ಷ, ಹಾಗಾಗಿ ಅವನ ಕಥೆಗಳು ಇಲ್ಲಿ ಮುಕ್ತ. ಹೊಸ ಸರಣಿಗಳು ಸೃಷ್ಟಿಸಿದ ಪಾತ್ರ, ಘಟನೆಗಳಿಗೆ ಆ ಮಾತು ಅನ್ವಯಿಸದು.

ಪ್ರಶ್ನೆ: ಧಾರಾವಾಹಿಯಾಗಿ ಹಾಕುತ್ತಿದ್ದೇನೆ. ಆರನೆಯ ಕಂತು ಬಂದ ಮೇಲೆ ಎರಡನೆಯದರಲ್ಲಿ ತಪ್ಪು ಕಂಡಿತು. (ತುಮಕೂರು)

ಉತ್ತರ: ತಾರೀಖು, ಹೆಸರಿನಂಥ ತಪ್ಪಾದರೆ ಸದ್ದಿಲ್ಲದೆ ತಿದ್ದಿ. ಕಥೆಯ ನಡೆ ಬದಲಾಗುವಂಥದ್ದಾದರೆ ತಿದ್ದಿ, ಮುಂದಿನ ಕಂತಿನ ಮೇಲೆ ಒಂದು ಸಾಲಿನಲ್ಲಿ ತಿಳಿಸಿ. ತಿದ್ದಲು ನಾಲ್ಕು ಕಂತು ಒಡೆಯಬೇಕಾದರೆ ಮುಟ್ಟಬೇಡಿ. ಆ ಮಾತನ್ನು ಆಡಿದ ಪಾತ್ರ ಯಾವುದು ನೋಡಿ, ಅದಕ್ಕೆ ತಪ್ಪು ಮಾಹಿತಿ ಸಿಕ್ಕಿತ್ತೆಂದೋ, ಬೇಕೆಂದೇ ಸುಳ್ಳು ಹೇಳಿತ್ತೆಂದೋ ಏಳನೆಯ ಕಂತಿನಲ್ಲಿ ತೋರಿಸಿ. ನಿರೂಪಕನೇ ಹೇಳಿದ್ದಾದರೆ ಈ ಉಪಾಯ ನಡೆಯದು, ನಾಲ್ಕನ್ನೂ ಒಡೆಯಿರಿ.