ಸೇಂಟ್ ಹೆಲೆನಾದಿಂದ ಅಸೆನ್ಶನ್‌ಗೆ ಎಷ್ಟು ದೂರ, ಎಷ್ಟು ಹೊತ್ತು?

ಪ್ರಶ್ನೆ: ನೆಪೋಲಿಯನ್ ಕೊನೆಯ ದಿನಗಳನ್ನು ಸೆರೆಯಲ್ಲಿ ಕಳೆದ ಸೇಂಟ್ ಹೆಲೆನಾ ದ್ವೀಪಕ್ಕೂ ಅದೇ ಸಾಗರದ ಅಸೆನ್ಶನ್ ದ್ವೀಪಕ್ಕೂ ನಡುವಿನ ವಿಮಾನ ಪ್ರಯಾಣಕ್ಕೆ ಒಂದೂವರೆ ಗಂಟೆ ಸಾಕೆಂದು ಒಂದೆಡೆಯೂ ಎರಡು ಗಂಟೆ ಬೇಕೆಂದು ಇನ್ನೊಂದೆಡೆಯೂ ಓದಿದೆ. ಯಾವುದು ಸರಿ? ಭೂಪಟದ ಮೇಲೆ ದೂರವನ್ನು ಅಳೆಯುವುದರಲ್ಲಿ ಆಗುವ ತಪ್ಪು ಇದಕ್ಕೆ ಕಾರಣವೇ?

ಉತ್ತರ: ಭೂಪಟದ ತಪ್ಪೇನೂ ಇಲ್ಲ. ದಕ್ಷಿಣ ಅಟ್ಲಾಂಟಿಕ್‌ನ ಈ ಎರಡು ಬ್ರಿಟಿಷ್ ದ್ವೀಪಗಳ ನಿಲ್ದಾಣಗಳ ನಡುವಿನ ನೇರ ವಾಯುದೂರ ಸುಮಾರು 1,300 ಕಿ.ಮೀ.; ಬೆಂಗಳೂರಿನಿಂದ ಅಹಮದಾಬಾದಿಗೆ ಇರುವ ವಾಯುದೂರಕ್ಕಿಂತ ತುಸು ಹೆಚ್ಚು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಾಗ ಭೂಪಟದ ಸರಳರೇಖೆ ನಮ್ಮನ್ನು ದಾರಿ ತಪ್ಪಿಸುತ್ತದೆ, ನಿಜ. ಆದರೆ ಸಮಭಾಜಕಕ್ಕೆ ಹತ್ತಿರದ ಇಷ್ಟು ಸಣ್ಣ ಅಂತರದಲ್ಲಿ ಆ ವ್ಯತ್ಯಾಸ ಗಣನೆಗೇ ಬಾರದು.

ಒಂದೂವರೆ ಗಂಟೆಯೆಂಬುದು ಬರಿಯ ಭಾಗಾಕಾರದ ಫಲ. ಈ ಮಾರ್ಗದಲ್ಲಿ ಹಾರಿದ ಎಂಬ್ರೇಯರ್ 190 ವಿಮಾನ ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಮೇಲೇರುವಾಗಲೂ ಕೆಳಗಿಳಿಯುವಾಗಲೂ ಆ ವೇಗ ಇರುವುದಿಲ್ಲ. ನೆಲದ ಮೇಲೆ ಉರುಳುವ ಹೊತ್ತನ್ನೂ ವೇಳಾಪಟ್ಟಿ ಲೆಕ್ಕಕ್ಕೆ ಹಿಡಿಯುತ್ತದೆ. ಆದ್ದರಿಂದ ಸುಮಾರು ಎರಡು ಗಂಟೆ ಎನ್ನುವುದೇ ಪ್ರಯಾಣಿಕನಿಗೆ ಉಪಯುಕ್ತವಾದ ಉತ್ತರ. ಹಿಂದೆ ಹಡಗಿನಲ್ಲಿ ಇದೇ ದಾರಿಗೆ ಸುಮಾರು ಎರಡು ದಿನ ಹಿಡಿಯುತ್ತಿತ್ತು.

ಆದರೆ ಇಂಥ ಒಂಟಿ ನಿಲ್ದಾಣಗಳ ವಿಷಯದಲ್ಲಿ ಗಂಟೆಗಳಿಗಿಂತ ಇಂಧನದ ಲೆಕ್ಕವೇ ಮುಖ್ಯವೆಂದು ನನಗನಿಸುತ್ತದೆ. ಅಹಮದಾಬಾದಿನಲ್ಲಿ ಇಳಿಯಲಾಗದಿದ್ದರೆ ವಡೋದರವಿದೆ. ಸೇಂಟ್ ಹೆಲೆನಾದ ಸುತ್ತ ನೀರಿನ ಹೊರತು ಬೇರೇನೂ ಇಲ್ಲ. ಅಲ್ಲಿನ ರನ್‌ವೇ ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿ, ಕಡಿದಾದ ಬಂಡೆಗಳ ಅಂಚಿನಲ್ಲಿದೆ. ಆಗ್ನೇಯದಿಂದ ಬೀಸುವ ವಾಣಿಜ್ಯ ಮಾರುತ ಆ ಬಂಡೆಗಳಿಗೆ ಬಡಿದು, ಇಳಿಯುವ ವಿಮಾನದ ಎದುರಿಗೆ ತನ್ನ ವೇಗವನ್ನೂ ದಿಕ್ಕನ್ನೂ ಥಟ್ಟನೆ ಬದಲಿಸುತ್ತದೆ. ವೈಮಾನಿಕರು ಇದನ್ನು ವಿಂಡ್ ಶಿಯರ್ ಎನ್ನುತ್ತಾರೆ. 2016ರಲ್ಲಿ ಆರಂಭವಾಗಬೇಕಿದ್ದ ನಿಯಮಿತ ವಿಮಾನಸೇವೆ ಇದೇ ಕಾರಣಕ್ಕೆ 2017ರ ಅಕ್ಟೋಬರ್ 14ರವರೆಗೆ ಮುಂದೆ ಹೋಯಿತು. ಜೊಹಾನ್ಸ್‌ಬರ್ಗ್‌ನಿಂದ ಹೊರಟ ವಿಮಾನ ನಮೀಬಿಯಾದ ವಾಲ್ವಿಸ್ ಬೇಯಲ್ಲಿ ಇಂಧನ ತುಂಬಿಸಿಕೊಳ್ಳುವುದು, ಸುಮಾರು 2,250 ಕಿ.ಮೀ. ಹಾರಿಯೂ ಇಳಿಯಲಾಗದೆ ಹೋದರೆ ಅಷ್ಟೇ ದೂರ ಹಿಂದಿರುಗಲು ಸಾಧ್ಯವಾಗಲೆಂದು. ಅಸೆನ್ಶನ್‌ನಿಂದ ಬರುವಾಗಲೂ ಇದೇ ತರ್ಕ: ಪ್ರಯಾಣ 1,300 ಕಿ.ಮೀ., ಸಿದ್ಧತೆ 2,600ಕ್ಕೆ.

ಎದುರು ದಿಕ್ಕಿನಲ್ಲಿ ಇಷ್ಟು ಆತಂಕವಿಲ್ಲ. ಅಸೆನ್ಶನ್‌ನ ವೈಡ್‌ಅವೇಕ್ ನಿಲ್ದಾಣವನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕನ್ನರು ಕಟ್ಟಿದರು; ಅದರ ರನ್‌ವೇ ಈಗ 3,000 ಮೀಟರಿಗೂ ಉದ್ದವಾಗಿದೆ. ರಾತ್ರಿಯಿಡೀ ಕೂಗಿ ನಿದ್ದೆಗೆಡಿಸುವ ಅಲ್ಲಿನ ಕಡಲಹಕ್ಕಿಗಳ ಅಡ್ಡಹೆಸರನ್ನೇ ನಿಲ್ದಾಣಕ್ಕೆ ಇಟ್ಟಿದ್ದಾರೆ.

ಪ್ರಶ್ನೆ: ಈ ಪ್ರಯಾಣದಲ್ಲಿ ಗಡಿಯಾರ ಬದಲಿಸಬೇಕೇ?

ಉತ್ತರ: ಬೇಡ. ಎರಡೂ ದ್ವೀಪಗಳು ಗ್ರೀನಿಚ್ ಕಾಲವನ್ನೇ ಪಾಲಿಸುತ್ತವೆ. ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿವೆ.